ಒಂಬತ್ತನೇ ದಿನ ಬಂದ ಉತ್ತರ

ಸರಕಾರ ಉಡುಪಿಯಲ್ಲಿ ಇದ್ದಷ್ಟು ಕಾಲ ಅಪೊಲೋನಿಯಾ ಬಾಯಿಗೆ ಅದರ ಮೇಲೆ ಸಂಶಯ ಇರಲಿಲ್ಲ. ಅದು ಕೆಲಸ ಮಾಡುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಖಚಿತವಾಗಿ ಗೊತ್ತಿರುವ ವಿಷಯದಲ್ಲಿ ಸಂಶಯಕ್ಕೆ ಜಾಗ ಎಲ್ಲಿ? ಅವಳ ಗಂಡ ಲಿಗೋರಿ ಎಪ್ಪತ್ತೆಂಟನೇ ಇಸವಿಯಲ್ಲಿ, ಹೊಳೆಕರೆಯ ಏಳು ಮನೆಗಳಿಗೆ ಒಂದು ಸರಕಾರಿ ಬಾವಿ ಬೇಕೆಂದು ಅರ್ಜಿ ಹಾಕಿದ್ದ. ಕಾಪುವಿನಿಂದ ಬಸ್ಸು ಹತ್ತಿ ಉಡುಪಿಯ ಕಚೇರಿಗೆ ನಾಲ್ಕು ಸಲ ಹೋಗಿ, ನಾಲ್ಕು ಸಲವೂ ಸಾಹೇಬರು ಇಲ್ಲ ಎಂಬ ಸುದ್ದಿಯನ್ನು ಹೊತ್ತುಕೊಂಡು ಬಂದಿದ್ದ. ಎಂಬತ್ತೊಂದರಲ್ಲಿ ಲಿಗೋರಿ ತೀರಿಕೊಂಡ. ಎಂಬತ್ತಮೂರರಲ್ಲಿ ಅವನ ಹೆಸರಿಗೆ ಉತ್ತರ ಬಂತು: ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಅಪೊಲೋನಿಯಾ ಅದನ್ನು ಓದಿಸಿಕೊಂಡು, ಮಡಚಿ, ಮನೆಯ ಅಲ್ತಾರಿನಲ್ಲಿ ಸಂತ ಅಂತೋನಿಯ ಪಟದ ಹಿಂದೆ ಇಟ್ಟಳು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತನಲ್ಲವೇ, ಲಿಗೋರಿಗೂ ಸರಕಾರಕ್ಕೂ ಎಲ್ಲಿಯಾದರೂ ಭೇಟಿ ಮಾಡಿಸಲಿ ಎಂದು.

ಹೊಳೆಕರೆ ಎಂದರೆ ಕಾಪುವಿನಿಂದ ಬಡಗು ದಿಕ್ಕಿಗೆ, ಹೊಳೆಯ ಈಚೆ ದಡದಲ್ಲಿರುವ ಏಳೇ ಏಳು ಮನೆಗಳ ಸಾಲು. ಆಚೆ ದಡದ ಗದ್ದೆಗಳಲ್ಲಿ ಮಟ್ಟುವಿನವರು ಗುಳ್ಳ ಬದನೆ ಬೆಳೆಯುತ್ತಿದ್ದರು. ಸಮುದ್ರ ಹತ್ತಿರ. ಶಿವರಾತ್ರಿ ಕಳೆದರೆ ಹೊಳೆಯಲ್ಲಿ ಉಪ್ಪು ಏರಿ ಬಂದು ಬಾವಿಗಳಿಗೂ ಇಳಿಯುತ್ತಿತ್ತು. ಮಳೆ ಬೀಳುವವರೆಗೆ ಗಂಜಿಗೆ ಬೇರೆ ಉಪ್ಪು ಬೇಡ ಎಂದು ಸಾಲಿನ ಹೆಂಗಸರು ನಗುತ್ತಿದ್ದರು. ನಗು ಹೆಚ್ಚು ದಿನ ಇರುತ್ತಿರಲಿಲ್ಲ. ಸಿಹಿನೀರು ಇದ್ದದ್ದು ಎರಡೇ ಕಡೆ. ಒಂದು, ಮೈಲು ದೂರದ ಇಗರ್ಜಿಯ ಬಾವಿ. ಇನ್ನೊಂದು, ಸಾಲಿನಲ್ಲೇ ಸ್ವಲ್ಪ ಎತ್ತರದ ಬೆಟ್ಟು ಜಾಗದಲ್ಲಿದ್ದ ಶೀನನ ಬಾವಿ. ಶೀನನ ಬಾವಿಯಲ್ಲಿ ನೀರು ಕಡಿಮೆ. ಆದರೂ ಬೇಸಿಗೆಯಲ್ಲಿ ಮನೆಗೆ ಎರಡೆರಡು ಕೊಡದಂತೆ ಐದು ಮನೆಗಳು ಅಲ್ಲಿಂದ ಒಯ್ಯುತ್ತಿದ್ದವು.

ಒಯ್ಯದಿದ್ದದ್ದು ಅಪೊಲೋನಿಯಾಳ ಮನೆ ಒಂದೇ. ಅದು ಹಳೆಯ ಕಥೆ. ಎಪ್ಪತ್ತೊಂದನೇ ಇಸವಿಯ ಆಟಿ ತಿಂಗಳ ಮಳೆಯಲ್ಲಿ ಎರಡು ಮನೆಯವರ ಗದ್ದೆಗಳ ನಡುವೆ ನೀರು ಹರಿಯುವ ತೋಡು ಕಟ್ಟಿಕೊಂಡಿತು. ಲಿಗೋರಿ ಕಟ್ಟಿದ್ದು ಎಂದು ಶೀನನ ಅಪ್ಪ ಅಣ್ಣು, ಅಣ್ಣು ಕಟ್ಟಿದ್ದು ಎಂದು ಲಿಗೋರಿ. ಮಾತಿಗೆ ಮಾತು ಬೆಳೆದು ಕೊನೆಗೆ ಅಣ್ಣು ಮನೆಯ ದೈವದ ಹೆಸರು ಹಿಡಿದ, ಲಿಗೋರಿ ದಾರಿಯ ತಿರುವಿನ ಶಿಲುಬೆಯ ಕಟ್ಟೆ ಮುಟ್ಟಿದ. ಈ ಮನೆಯ ನೀರು ಆ ಮನೆಯವರ ಗಂಟಲಿಗಿಲ್ಲ, ಆ ಮನೆಯ ನೀರು ಈ ಮನೆಯವರಿಗಿಲ್ಲ. ದೇವರು ಬೇರೆ ಬೇರೆಯಾದರೂ ಆಣೆ ಒಂದೇ. ನೀರು ನಿಂತ ಮೇಲೆ ಮಾತೂ ನಿಂತಿತು. ಆಣೆ ಇಟ್ಟ ಇಬ್ಬರೂ ಮಣ್ಣಾದರು. ಆಣೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಅಪೊಲೋನಿಯಾ ಅದನ್ನು ಗಂಡನ ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಳು.

ಎಂಬತ್ತೇಳರ ಜನವರಿಯಲ್ಲಿ ಹೊಸ ಚುನಾವಣೆ ಆಯಿತು. ಇನ್ನು ಉಡುಪಿಗೆ ಓಡಬೇಕಾಗಿಲ್ಲ, ಸರಕಾರವೇ ಊರಿಗೆ ಬರುತ್ತದೆ, ಮಂಡಲ ಪಂಚಾಯತು, ಪ್ರಧಾನರು, ಸದಸ್ಯರು, ಎಲ್ಲ ನಮ್ಮವರೇ ಎಂದು ಮೈಕಿನಲ್ಲಿ ಕೂಗಿಕೊಂಡು ಜೀಪು ಹೋಯಿತು. ನಮ್ಮವರೇ ಎಂಬ ಮಾತು ಕೇಳಿದಾಗಲೇ ಅಪೊಲೋನಿಯಾ ಗೇಟು ಹಾಕಿಕೊಂಡಿದ್ದಳು. ಹೊಳೆಕರೆಯ ಕಡೆಯಿಂದ ಗೆದ್ದು ಬಂದವನು ಯಾರು? ಶೀನ! ರೇಶನ್ ಅಂಗಡಿಯ ಪಕ್ಕದ ಕೋಣೆಗೆ ಸುಣ್ಣ ಬಳಿದು ಮಂಡಲದ ಬೋರ್ಡು ಹಾಕಿದರು. ಅವಳ ಮನೆಯಿಂದ ಅರ್ಧ ಮೈಲು. ಸರಕಾರ ಇಷ್ಟು ಹತ್ತಿರ ಬಂದದ್ದು ಅವಳಿಗೆ ಸ್ವಲ್ಪವೂ ಸರಿಬರಲಿಲ್ಲ.

"ಉಡುಪಿಯ ಸರಕಾರಕ್ಕೆ ನನ್ನ ಮುಖವೇ ಗೊತ್ತಿರಲಿಲ್ಲ," ಎಂದಳು ಸೊಸೆ ಐರಿನ್‌ಗೆ. "ಈ ಸರಕಾರಕ್ಕೆ ನನ್ನ ಬೇಲಿ ಎಲ್ಲಿಂದ ಎಲ್ಲಿಗೆ ಅಂತ ಗೊತ್ತುಂಟು. ಯಾವುದು ಒಳ್ಳೆಯದು ಹೇಳು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ರೇಶನ್ ಕಾರ್ಡಿಗೆ ಐರಿನ್ ಹೆಸರು ಸೇರಿಸಲು ಮೊದಲಾದರೆ ಮೂರು ತಿಂಗಳು ಬೇಕಿತ್ತು, ಮಂಡಲದ ಕಾರ್ಯದರ್ಶಿ ಒಂದೇ ವಾರದಲ್ಲಿ ಮುಗಿಸಿ ಕೊಟ್ಟ. ಇಷ್ಟು ಬೇಗ ಮಾಡಿಕೊಟ್ಟನಲ್ಲ, ಏನೋ ಉಂಟು ಎಂದು ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. ವರ್ಷಗಟ್ಟಲೆ ಕಣ್ಣುಮುಚ್ಚಿಕೊಂಡಿದ್ದ ದಾರಿದೀಪಕ್ಕೆ ಬಲ್ಬು ಬಂತು. ಶೀನನ ಅಂಗಳಕ್ಕೆ ಬೆಳಕು ಬೀಳಲಿ ಅಂತ ಹಾಕಿಸಿದ್ದು ಎಂದಳು. ನರ್ಸಮ್ಮ ಪ್ರತಿ ಮಂಗಳವಾರ ತಪ್ಪದೆ ಬರಲು ಶುರುಮಾಡಿದಳು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಗಂಡಸರನ್ನು ಆಪರೇಶನ್ನಿಗೆ ಹಿಡಿದುಕೊಂಡು ಹೋದದ್ದು ಅಪೊಲೋನಿಯಾಳಿಗೆ ಮರೆತಿರಲಿಲ್ಲ. ಯಾವ ಮನೆಯಲ್ಲಿ ಎಷ್ಟು ಮಕ್ಕಳು ಎಂದು ನೋಡಿಕೊಂಡು ಹೋಗಲು ಬರುವುದು ಎಂದು, ಐರಿನ್ ಬಸುರಿ ಎಂಬುದನ್ನೇ ಅವಳು ನಾಲ್ಕು ತಿಂಗಳು ಬಚ್ಚಿಟ್ಟಳು.

ಆದರೆ ಆ ಹೊಟ್ಟೆ ಬಚ್ಚಿಡುವಂಥದ್ದಾಗಿ ಉಳಿಯಲಿಲ್ಲ. ಮಗ ಎಡ್ಮಂಡ್ ಬಹರೈನಿನಲ್ಲಿದ್ದ. ಮದುವೆಯಾಗಿ ಮೂರು ವರ್ಷಕ್ಕೆ ನಿಂತ ಬಸಿರು. ಎಂಬತ್ತೆಂಟರ ಫೆಬ್ರವರಿಯಲ್ಲಿ, ಐರಿನ್‌ಗೆ ಆರು ತಿಂಗಳಾಗಿದ್ದಾಗ, ಕಾಲುಗಳು ಬಾತುಕೊಂಡವು. ಅಪೊಲೋನಿಯಾ ಅವಳನ್ನು ಕರೆದುಕೊಂಡು ಮಣಿಪಾಲಕ್ಕೆ ಹೋದಳು. ಡಾಕ್ಟರಮ್ಮ ಬೆರಳಿನಿಂದ ಪಾದ ಒತ್ತಿದಳು. ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ನಿಂತಿತು. ರಕ್ತದೊತ್ತಡ ಏರಿದೆ, ಹೀಗೇ ಏರಿದರೆ ತಾಯಿಗೂ ಮಗುವಿಗೂ ಅಪಾಯ, ಭಾರ ಎತ್ತಬಾರದು, ಊಟದಲ್ಲಿ ಉಪ್ಪು ಬಿಡಬೇಕು ಎಂದಳು.

"ಉಪ್ಪು ಊಟದಲ್ಲಿ ಇಲ್ಲ ಡಾಕ್ಟ್ರೇ," ಎಂದಳು ಅಪೊಲೋನಿಯಾ. "ಬಾವಿಯಲ್ಲಿ ಉಂಟು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಎಲ್ಲಿಯವಳೋ ಏನೋ. ಅರ್ಥವಾದದ್ದು ಅಪೊಲೋನಿಯಾಳಿಗೆ. ಬಸ್ಸಿನಲ್ಲಿ ಬರುವಾಗ ಸೊಸೆಯ ಪಾದವನ್ನೇ ನೋಡುತ್ತ ಕುಳಿತಳು. ಮೇ ಕೊನೆಗೆ ಹೆರಿಗೆ. ಅಷ್ಟರವರೆಗೆ ಈ ಹುಡುಗಿಗೆ ಸಿಹಿನೀರು ಬೇಕು, ದಿನಾ ಬೇಕು. ಅಷ್ಟು ದಿನ ಇಗರ್ಜಿ ಬಾವಿಯಿಂದ ನೀರು ತರುತ್ತಿದ್ದದ್ದು ಐರಿನ್ನೇ. ಅಪೊಲೋನಿಯಾಳ ಮೊಣಕಾಲು ಮೈಲು ದೂರ ಕೊಡ ಹೊರುವ ಮೊಣಕಾಲಲ್ಲ. ಕೊನೆಗೆ ಇಗರ್ಜಿಯಿಂದ ತಂದುಕೊಡು ಎಂದು ಮೂರನೇ ಮನೆಯ ಪುಷ್ಪಾವತಿಯನ್ನು ಕೇಳಿಕೊಂಡಳು. ಪುಷ್ಪಾವತಿ ಬೀಡಿ ಕಟ್ಟಿ ಮನೆ ನಡೆಸುವ ವಿಧವೆ, ಯಾರಿಗೂ ಇಲ್ಲ ಎನ್ನುವವಳಲ್ಲ. ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಎರಡು ಕೊಡ ಸಿಹಿನೀರು ಹಿಂಬಾಗಿಲಿಗೆ ಬಂತು.

"ಇಗರ್ಜಿಯ ನೀರಿಗೆ ಏನೋ ಆಶೀರ್ವಾದ ಉಂಟು," ಎಂದು ಅಪೊಲೋನಿಯಾ ಲೋಟ ಎತ್ತಿ ಕುಡಿದಳು. "ಈ ವರ್ಷ ರುಚಿ ಮತ್ತೂ ಜಾಸ್ತಿ."

ಪುಷ್ಪಾವತಿ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡು ಹೋದಳು.

ಅದೇ ತಿಂಗಳ ಕೊನೆಗೆ ಶಾಲೆಯಲ್ಲಿ ಗ್ರಾಮಸಭೆ ಕರೆದರು. ಅಪೊಲೋನಿಯಾ ಹೋಗಿ ಹಿಂದಿನ ಬೆಂಚಿನಲ್ಲಿ, ಬಾಗಿಲಿನ ಹತ್ತಿರ ಕುಳಿತಳು. ಜಿಲ್ಲಾ ಪರಿಷತ್ತಿನಿಂದ ಈ ವರ್ಷ ಮಂಡಲಕ್ಕೆ ಮೂರು ಕೊಳವೆಬಾವಿ ಬಂದಿದೆ, ಎಲ್ಲೆಲ್ಲಿ ಬೇಕು ನೀವೇ ಹೇಳಿ ಎಂದರು ಪ್ರಧಾನರು. ಶೀನ ಎದ್ದು ನಿಂತು, ಒಂದು ಹೊಳೆಕರೆಗೆ ಆಗಲೇಬೇಕು, ಶಿಲುಬೆಕಟ್ಟೆಯ ಹತ್ತಿರದ ಸರಕಾರಿ ಪೊರಂಬೋಕು ಜಾಗದಲ್ಲಿ ಹಾಕಿ, ಪಂಪು ಇಟ್ಟುಕೊಡಿ ಎಂದ. ಎಲ್ಲರೂ ಕೈ ಎತ್ತಿದರು. ಶಿಲುಬೆಕಟ್ಟೆ ಎಂದರೆ ಅಪೊಲೋನಿಯಾಳ ಗೇಟಿನಿಂದ ಹತ್ತು ಹೆಜ್ಜೆ. ಅವಳಿಗೆ ಸಂತೋಷದಿಂದ ಕಣ್ಣು ತುಂಬಿತು. ಆದರೆ ಕಣ್ಣು ಒರಸಿಕೊಳ್ಳುವಷ್ಟರಲ್ಲಿ ಸಂಶಯ ಬಂತು. ನನ್ನ ಗೇಟಿನ ಹತ್ತಿರ ಹಾಕಿಸಲು ಶೀನನಿಗೆ ಎಂತ ಹುಚ್ಚಾ?

ಮಾರ್ಚ್ ಮೊದಲ ವಾರ ಜೀಪಿನಲ್ಲಿ ಇಂಜಿನಿಯರು ಬಂದ. ಶಿಲುಬೆಕಟ್ಟೆಯ ಬಳಿ ಸುಣ್ಣ ಬಳಿದ ಗೂಟ ಹೊಡೆದರು. ಆಮೇಲೆ ಅವನು ಮನೆ ಮನೆಯ ಬಾವಿಯ ನೀರನ್ನು ಬಾಯಿಗೆ ಹಾಕಿ ಉಗಿಯುತ್ತ, ಏನೇನೋ ಬರೆದುಕೊಳ್ಳುತ್ತ ಸಾಲನ್ನೆಲ್ಲ ಸುತ್ತಿದ. ಅಪೊಲೋನಿಯಾ ಅಂದು ಮಧ್ಯಾಹ್ನ ಕಾಪು ಪೇಟೆಗೆ ಹೋಗಿದ್ದಳು. ಬಂದು ನೋಡಿದರೆ ಕಟ್ಟೆಯ ಬಳಿ ಗೂಟ ಇಲ್ಲ, ಗೂಟದ ಗುಳಿ ಮಾತ್ರ ಉಂಟು. ಕಣ್ಣಾಡಿಸಿದಳು. ಗೂಟ ಶೀನನ ಬೇಲಿಯಿಂದ ಮೂರು ಹೆಜ್ಜೆ ಒಳಗೆ ಬೆಳ್ಳಗೆ ನಿಂತಿತ್ತು. ಪಕ್ಕದಲ್ಲೇ ಶೀನ. ಅವಳನ್ನು ಕಂಡದ್ದೇ ತಲೆ ತಗ್ಗಿಸಿ ಮನೆಯೊಳಗೆ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ಈಗ ಅವಳಿಗೆ ಎಲ್ಲವೂ ಬಿಡಿಸಿಟ್ಟ ಹಾಗೆ ಕಂಡಿತು. ಸಭೆಯಲ್ಲಿ ಶಿಲುಬೆಕಟ್ಟೆ ಎಂದದ್ದು ಜನರ ಕಣ್ಣಿಗೆ ಮಣ್ಣೆರಚಲು. ಒಳಗೊಳಗೆ ಇಂಜಿನಿಯರನ್ನು ಹಿಡಿದು ತನ್ನ ಜಾಗಕ್ಕೆ ಎಳೆದುಕೊಂಡ. ಶೀನನ ನೆಲದ ನೀರು ಶೀನನ ನೀರು. ಆಣೆ ಇರುವ ತನ್ನ ಮನೆಗೆ ಅದರ ಒಂದು ಹನಿಯೂ ಇಲ್ಲ. ಊರಿಗೆಲ್ಲ ನೀರು, ಬಸುರಿ ಇರುವ ಮನೆಗೆ ಉಪ್ಪು. ಅಣ್ಣುವಿನ ಮಗ ಹದಿನೇಳು ವರ್ಷ ಕಾದು ಸೇಡು ತೀರಿಸಿಕೊಂಡ. ಅಂದು ಅವಳು ಊಟ ಮಾಡಲಿಲ್ಲ.

ಮರುದಿನ ನೀರು ತಂದ ಪುಷ್ಪಾವತಿ ಕೊಡ ಇಳಿಸುತ್ತ, "ಬಾಯಮ್ಮ, ಅದು ನೀವು ಎಣಿಸಿದ ಹಾಗಲ್ಲ. ಶೀನಣ್ಣ ಮಂಡಲಕ್ಕೆ ಏನೋ ಬರೆದು..." ಎಂದು ಶುರುಮಾಡಿದಳು.

"ಅವನ ಪರವಾಗಿ ಮಾತಾಡ್ಲಿಕ್ಕೆ ನಿನಗೆ ಎಷ್ಟು ಕೊಡ ನೀರು ಹೆಚ್ಚಿಗೆ ಕೊಟ್ಟ?"

ಪುಷ್ಪಾವತಿಯ ಮುಖ ಕಪ್ಪಿಟ್ಟಿತು. ಮತ್ತೆ ಅವಳು ಆ ಮಾತು ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ತನಗೆ ಯಾರೂ ಹೇಳಲಿಲ್ಲ ಎಂದು ಅಪೊಲೋನಿಯಾ ಮುಂದೆ ಹೇಳಿಕೊಳ್ಳುವಂತಿರಲಿಲ್ಲ. ಹೇಳಲು ಬಂದವರ ಬಾಯಿಗೆ ಹೀಗೆ ಕೆಂಡ ಹಾಕಿದರೆ ಯಾರು ಹೇಳಿಯಾರು?

ಅವಳು ನೇರವಾಗಿ ಹೋದದ್ದು ಮ್ಯಾಕ್ಸಿಮ್ ಮಾಸ್ಟ್ರ ಮನೆಗೆ. ಮಾಸ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ಊರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರು. ಲಿಗೋರಿಯ ಅರ್ಜಿಯೂ ಅವರದ್ದೇ ಕೈಬರಹ. ಆ ಕಾಲದಲ್ಲಿ ಅರ್ಜಿಯ ರೀತಿಯೇ ಬೇರೆ ಇತ್ತು. ಯಾರೂ ಅದನ್ನು ಉತ್ತರಕ್ಕಾಗಿ ಬರೆಯುತ್ತಿರಲಿಲ್ಲ. ನೆರೆಯವನ ಕೋಳಿ ತರಕಾರಿ ಸಾಲಿಗೆ ಬಂದರೆ ಕಲೆಕ್ಟರಿಗೆ ಒಂದು ಅರ್ಜಿ, ಅದರ ಪ್ರತಿ ಮಂತ್ರಿಗೆ. ಅರ್ಜಿ ಹಾಕಿದ್ದಾರಂತೆ ಎಂಬ ಸುದ್ದಿ ನೆರೆಯವನ ಕಿವಿಗೆ ಬಿದ್ದರೆ ಸಾಕು, ಅವನು ಹೆದರಿ ಕೋಳಿ ಕಟ್ಟಿಹಾಕುತ್ತಿದ್ದ. ಕಾಗದ ಎಲ್ಲೋ ಹೋಗಿ ಗೆದ್ದಲಿಗೆ ಆಹಾರವಾಗುತ್ತಿತ್ತು. ಹೆದರಿಸಲು ಕೋಲು ಎತ್ತುವುದು, ಹೊಡೆಯಲು ಅಲ್ಲ.

"ಶೀನನಿಗೆ ಹೆದರಿಕೆ ಹುಟ್ಟಬೇಕು ಮಾಸ್ಟ್ರೇ," ಎಂದಳು ಅಪೊಲೋನಿಯಾ. "ಗೂಟ ಹಿಂದಕ್ಕೆ ಕಟ್ಟೆಯ ಹತ್ತಿರ ಬರಬೇಕು. ಅಷ್ಟೇ."

ಮಾಸ್ಟ್ರು ಕನ್ನಡಕ ಏರಿಸಿಕೊಂಡು ಹುರುಪಿನಿಂದ ಬರೆದರು. ಸಭೆಯಲ್ಲಿ ನಿಶ್ಚಯಿಸಿದ ಜಾಗ ಬಿಟ್ಟು ಸದಸ್ಯರು ತಮ್ಮ ಸ್ವಂತ ಜಾಗಕ್ಕೆ ಕೊಳವೆಬಾವಿಯನ್ನು ಬದಲಾಯಿಸಿಕೊಂಡಿದ್ದಾರೆ, ಇದಕ್ಕೆ ನನ್ನ ಬಲವಾದ ತಕರಾರು ಇದೆ, ತೀರ್ಮಾನ ಆಗುವವರೆಗೆ ಕೆಲಸವನ್ನು ನಿಲ್ಲಿಸಬೇಕು. ಓದಿ ಹೇಳಿದಾಗ ಕೊನೆಯ ಮಾತಿಗೆ ಅಪೊಲೋನಿಯಾ ಸ್ವಲ್ಪ ಅಳುಕಿದಳು.

"ನಿಲ್ಲಿಸಬೇಕು ಅಂತ ಬರೆದಿರಲ್ಲ. ನಿಲ್ಲಿಸಿಯೇ ಬಿಟ್ಟರೆ?"

ಮಾಸ್ಟ್ರು ಜೋರಾಗಿ ನಕ್ಕರು. "ನಿಲ್ಲಿಸಬೇಕಾದರೆ ಸರಕಾರ ಮೊದಲು ಓದಬೇಕಲ್ವಾ ಮಾರಾಯ್ತಿ? ಲಿಗೋರಿಯ ಅರ್ಜಿ ಓದಲಿಕ್ಕೆ ಐದು ವರ್ಷ ಬೇಕಾಯ್ತು. ಇದನ್ನು ಓದುವ ಹೊತ್ತಿಗೆ ನಿನ್ನ ಮೊಮ್ಮಗು ಶಾಲೆಗೆ ಹೋಗ್ತದೆ."

ಅವಳಿಗೂ ನಗು ಬಂತು. ಸಹಿ ಹಾಕಿದಳು. ಒಂದು ಪ್ರತಿ ಮಂಗಳೂರಿನ ಜಿಲ್ಲಾ ಪರಿಷತ್ತಿಗೆ ಅಂಚೆಯಲ್ಲಿ ಹೋಯಿತು. ಇನ್ನೊಂದನ್ನು ಅವಳೇ ಮಂಡಲದ ಕಚೇರಿಯಲ್ಲಿ, ಶೀನ ಇರುವ ಹೊತ್ತನ್ನೇ ನೋಡಿ, ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟು ಬಂದಳು. ಇನ್ನು ಎರಡು ದಿನದಲ್ಲಿ ಗೂಟ ಹಿಂದೆ ಬರುತ್ತದೆ ಎಂದು ಕಾದಳು. ದಿನಾ ಬೆಳಿಗ್ಗೆ ಎದ್ದು ಕಟ್ಟೆಯ ಕಡೆ ನೋಡಿದಳು. ಗೂಟ ಬರಲಿಲ್ಲ.

ಒಂಬತ್ತನೇ ದಿನ ಉತ್ತರ ಬಂತು.

ಪೋಸ್ಟ್‌ಮ್ಯಾನ್ ಕಂದು ಲಕೋಟೆ ಕೊಟ್ಟಾಗ ಅವಳು ಲಿಗೋರಿಯ ಹಳೆಯ ಅರ್ಜಿಯದ್ದೇ ಇನ್ನೊಂದು ಉತ್ತರ ಎಂದುಕೊಂಡಳು. ಐರಿನ್ ಒಡೆದು ಓದಿದಳು. ತಮ್ಮ ತಕರಾರನ್ನು ಪರಿಗಣಿಸಲಾಗಿದೆ. ಜಾಗದ ವಿಷಯದಲ್ಲಿ ವಿವಾದ ಇರುವುದರಿಂದ ಹೊಳೆಕರೆಯ ಕೊಳವೆಬಾವಿಯನ್ನು ಕೈಬಿಟ್ಟು, ಯಂತ್ರವನ್ನು ಪಟ್ಟಿಯಲ್ಲಿರುವ ಮುಂದಿನ ಊರಿಗೆ ಕಳುಹಿಸಲಾಗುವುದು.

"ಎಂತ ಕೈಬಿಟ್ಟು? ಇನ್ನೊಮ್ಮೆ ಓದು."

ಐರಿನ್ ಇನ್ನೊಮ್ಮೆ ಓದಿದಳು. ಎರಡನೇ ಸಲವೂ ಅದೇ ಇತ್ತು.

ಅಪೊಲೋನಿಯಾ ಸೆರಗು ಸರಿಮಾಡಿಕೊಳ್ಳದೆ ರಸ್ತೆಗೆ ಓಡಿದಳು. ಕೊಳವೆಬಾವಿ ಕೊರೆಯುವ ಲಾರಿ ಕಾರ್ಕಳದ ಕಡೆಯ ಕೆಲಸ ಮುಗಿಸಿ ಹಿಂದಿನ ದಿನವೇ ಬಂದಿತ್ತಂತೆ, ಮಂಡಲದ ಕಚೇರಿಯ ಎದುರು ನಿಂತಿತ್ತಂತೆ. ಬೆಳಿಗ್ಗೆ ಎಂಟಕ್ಕೆ ತಿರುಗಿಸಿಕೊಂಡು ಎಲ್ಲೂರಿನ ಕಡೆಗೆ ಹೋಯಿತಂತೆ. ಇದನ್ನು ಹೇಳಿದ್ದು ರೇಶನ್ ಅಂಗಡಿಯವನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಚೇರಿಯ ಹೊರಗಿನ ಹಲಗೆಗೆ ಉತ್ತರದ ಪ್ರತಿಯನ್ನು ಅಂಟಿಸಿದ್ದರು. ತಕರಾರುದಾರರು ಎಂಬುದರ ಮುಂದೆ ಅವಳ ಪೂರ್ತಿ ಹೆಸರು, ಮನೆ ನಂಬ್ರ ಸಮೇತ. ಸರಕಾರ ಉಡುಪಿಯಲ್ಲಿದ್ದಾಗ ಇಂಥ ಹಲಗೆಯೂ ಇರಲಿಲ್ಲ.

ಒಳಗೆ ಕಾರ್ಯದರ್ಶಿ ಒಬ್ಬನೇ ಇದ್ದ. ಕಾರ್ಕಳದ ಕಡೆಯ ತರುಣ, ಊರಿನ ಒಳಜಗಳ ಒಂದೂ ಅರಿಯದವನು.

"ನಾನು ಗೂಟ ಹಿಂದೆ ಹಾಕಿ ಅಂದದ್ದು," ಎಂದಳು ಅಪೊಲೋನಿಯಾ. "ಬಾವಿ ಬೇಡ ಅಂತ ಯಾರು ಹೇಳಿದ್ದು?"

"ಹಿಂದೆ ಹಾಕಿದರೆ ಪ್ರಯೋಜನ ಇಲ್ಲ ಅಮ್ಮ. ಕಟ್ಟೆಯ ಹತ್ತಿರ ಕೊರೆದರೆ ಉಪ್ಪುನೀರೇ ಬರುವುದು, ಇಂಜಿನಿಯರು ಬರೆದುಕೊಟ್ಟಿದ್ದಾರೆ. ಹೊಳೆಕರೆಯಲ್ಲಿ ಸಿಹಿ ಬರುವುದು ಆ ಬೆಟ್ಟಿನಲ್ಲಿ ಮಾತ್ರ."

"ಹಾಗಾದರೆ ಅವನ ಜಾಗದಲ್ಲಿ ಹಾಕಿ, ಅವನಿಗೇ ಕೊಡುವುದಾ?"

"ಅವರ ಜಾಗ ಅಲ್ಲವಲ್ಲ ಈಗ." ಅವನು ಫೈಲು ಬಿಡಿಸಿದ. "ನಾವು ಕೇಳದೆಯೇ ಶೀನಣ್ಣ ಬರೆದುಕೊಟ್ಟಿದ್ದಾರೆ. ದಾರಿಯೂ ಸೇರಿ ಮೂರು ಸೆಂಟ್ಸು. ನೋಡಿ. 'ಈ ಜಾಗವನ್ನು ಮಂಡಲಕ್ಕೆ ಬಿಟ್ಟುಕೊಟ್ಟಿದ್ದೇನೆ. ಇಂದಿನಿಂದ ಈ ನೆಲವೂ ಇದರಲ್ಲಿ ಸಿಗುವ ನೀರೂ ನನ್ನ ಮನೆಯದ್ದಲ್ಲ.' ಕೊನೆಯ ಸಾಲು ಯಾಕೆ, ಬಿಟ್ಟುಕೊಟ್ಟೆ ಎಂದರೆ ಸಾಕಲ್ಲ ಎಂದೆ ನಾನು. ಇಲ್ಲ, ಅದೇ ಮುಖ್ಯ, ಅದಿಲ್ಲದಿದ್ದರೆ ಒಂದು ಮನೆಯವರು ನೀರು ಮುಟ್ಟುವುದಿಲ್ಲ ಎಂದರು. ಯಾವ ಮನೆಯೋ ನನಗೆ ಗೊತ್ತಿಲ್ಲ."

ಗೂಟದ ಪಕ್ಕದಲ್ಲಿ ನಿಂತಿದ್ದ ಶೀನ ತಲೆ ತಗ್ಗಿಸಿ ಒಳಗೆ ಹೋದದ್ದು ಅಪೊಲೋನಿಯಾಳಿಗೆ ನೆನಪಾಯಿತು. ಮಾತಿಲ್ಲದ ಮನೆ, ಅವನು ತಾನೇ ಹೇಗೆ ಹೇಳಬೇಕಿತ್ತು? ಸದಸ್ಯರ ಮೇಲೆ ಆಪಾದನೆ ಬಂದದ್ದರಿಂದ ಮಂಡಲದವರು ಮಾತಾಡದೆ ಮೇಲಕ್ಕೆ ಕಳುಹಿಸಿದರು, ಮೇಲಿನವರು ಓದಿದರು, ಓದಿ ತಕ್ಷಣ ತೀರ್ಮಾನಿಸಿದರು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು. ಅದೇ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ತಕರಾರು ವಾಪಸು ತೆಗೆದುಕೊಳ್ಳುತ್ತೇನೆ. ಈಗಲೇ."

"ಬರೆದುಕೊಡಿ, ಖಂಡಿತ ಕಳಿಸುತ್ತೇನೆ. ಆದರೆ ಯಂತ್ರ ಹೋಯಿತಲ್ಲ. ಇನ್ನು ಮುಂದಿನ ವರ್ಷದ ಪಟ್ಟಿಗೆ."

ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ನಡೆದಳು. ಸಾಲಿನ ಹೆಂಗಸರು ಇಗರ್ಜಿಯ ದಾರಿಯಲ್ಲಿ ಕೊಡ ಹಿಡಿದು ಹೋಗುತ್ತಿದ್ದರು. ಶೀನನ ಬಾವಿ ಇಳಿದಿತ್ತು, ಇನ್ನು ಮನೆಗೆ ಒಂದೇ ಕೊಡ, ಉಳಿದದ್ದಕ್ಕೆ ಮೈಲು ನಡೆಯಬೇಕು. ಪುಷ್ಪಾವತಿಯೂ ಅವರೊಂದಿಗಿದ್ದಳು. ಎದುರಿಗೆ ಸಿಕ್ಕವರು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳಿಗೆ ದಾರಿ ಬಿಟ್ಟು, ಬದಿಗೆ ಸರಿದು, ಮುಖ ಹೊಳೆಯ ಕಡೆ ತಿರುಗಿಸಿ ಹೋದರು. ಮಾಡಿದ್ದುಣ್ಣೋ ಮಹಾರಾಯ.

ಮನೆಗೆ ಬಂದು ಕೊಡದಿಂದ ಎರಡು ಲೋಟ ನೀರು ಗಟಗಟ ಕುಡಿದು ಕುಳಿತಳು. ಐರಿನ್ ಬಾತ ಕಾಲುಗಳನ್ನು ಮಣೆಯ ಮೇಲಿಟ್ಟು ಕುಳಿತಿದ್ದಳು. ಅಪೊಲೋನಿಯಾ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಆಮೇಲೆ ಮೂಗು ಒರಸಿಕೊಂಡು ಗಟ್ಟಿ ಮನಸ್ಸು ಮಾಡಿದಳು.

"ಇನ್ನು ಪುಷ್ಪಾ ನಮಗೆ ನೀರು ತರುವುದಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ಶೀನನ ಬಾವಿಗೆ ನಾನೇ ಹೋಗುತ್ತೇನೆ. ಆಣೆ ಮುರಿದ ಪಾಪ ನನ್ನ ತಲೆಗೆ ಬರಲಿ. ನಿನಗೂ ಮಗುವಿಗೂ ಬೇಡ. ನೀನು ಕುಡಿ, ನಾನು ಉಪ್ಪುನೀರು ಕುಡಿಯುತ್ತೇನೆ."

ಐರಿನ್ ತಲೆ ತಗ್ಗಿಸಿದಳು. "ಮಾಂಯ್, ನೀವು ಈಗ ಕುಡಿದದ್ದು ಶೀನಣ್ಣನ ಬಾವಿಯ ನೀರು."

ಅಪೊಲೋನಿಯಾ ಲೋಟ ನೋಡಿದಳು.

"ಮೊದಲ ದಿನದಿಂದಲೂ ಅದೇ. ದಿನಾ ಏಳು ಗಂಟೆಯೊಳಗೆ ಇಗರ್ಜಿಗೆ ಹೋಗಿ ಬರಲಿಕ್ಕೆ ಪುಷ್ಪಕ್ಕನಿಗೆ ಆಗ್ತದಾ? ಶೀನಣ್ಣನ ಹೆಂಡತಿ ಚಂಪಕ್ಕ ತಾನೇ ಸೇದಿ ಕೊಡ್ತಾರೆ, ಬಸುರಿಗೆ ನೀರು ಇಲ್ಲ ಅನ್ನಬಾರದು ಅಂತ. ಪುಷ್ಪಕ್ಕನಿಗೆ ಆಗದ ದಿನ ನಾನೇ ಸಣ್ಣ ಬಿಂದಿಗೆ ಹಿಡಿದು ಹೋಗಿದ್ದೇನೆ. ಶೀನಣ್ಣ ಬಾವಿಯ ಕಡೆ ಬರುವಾಗ ದೂರದಿಂದಲೇ ಕೆಮ್ಮುತ್ತಾರೆ, ನಾನು ಮರೆಗೆ ಹೋಗಲಿ ಅಂತ. ನೋಡದಿದ್ದರೆ ಆಣೆಗೆ ಲೆಕ್ಕ ಇಲ್ಲವಂತೆ."

ಊರಿನಲ್ಲಿ ಅವಳು ಸಂಶಯಪಡದ ಜೀವ ಇರಲಿಲ್ಲ. ದೀಪದ ಬಲ್ಬನ್ನೂ ಬಿಟ್ಟಿರಲಿಲ್ಲ. ತನ್ನ ಅಡಿಗೆಮನೆಯ ಕೊಡವನ್ನು ಮಾತ್ರ ಒಮ್ಮೆಯೂ ಸಂಶಯಪಡಲಿಲ್ಲ. ಒಂದು ತಿಂಗಳಿಂದ ಅದೇ ನೀರು ಕುಡಿದು, ಅದೇ ನೀರಿನ ಬಲದಲ್ಲಿ ನಡೆದುಹೋಗಿ, ಶೀನನ ಮೇಲೆ ಅರ್ಜಿ ಬರೆಸಿ ಬಂದಿದ್ದಳು. ಅವಳು ಎದ್ದು ದೊಡ್ಡ ಕೊಡ ತೆಗೆದುಕೊಂಡಳು.

ಹಿಂದಿನ ದಾರಿಯಿಂದ ಹೋಗಲಿಲ್ಲ. ಗೇಟು ತೆರೆದು, ಶಿಲುಬೆಕಟ್ಟೆ ದಾಟಿ, ಸಾಲಿನವರೆಲ್ಲ ನೋಡುವಂತೆ ನಡುದಾರಿಯಲ್ಲಿ ನಡೆದಳು. ಬಿಳಿ ಗೂಟ ಇನ್ನೂ ಅಲ್ಲೇ ಇತ್ತು. ಅದನ್ನು ದಾಟಿ ಹದಿನೇಳು ವರ್ಷದಲ್ಲಿ ಮೊದಲ ಸಲ ಶೀನನ ಅಂಗಳಕ್ಕೆ ಕಾಲಿಟ್ಟಳು. ಬಾವಿಕಟ್ಟೆಗೆ ಕೊಡ ಇಟ್ಟ ಸದ್ದಿಗೆ ಮನೆಯ ಒಳಗಿನಿಂದ ಕೆಮ್ಮು ಕೇಳಿಸಿತು. ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ.

"ಕೆಮ್ಮಬೇಡ ಶೀನ," ಎಂದಳು. "ನಾನು."

ಶೀನ ಹೊರಗೆ ಬಂದ. ಹಗ್ಗ ಕೈಗೆ ತೆಗೆದುಕೊಂಡು, "ನಿಮ್ಮ ಕಾಲಿಗೆ ಆಗ್ಲಿಕ್ಕಿಲ್ಲ ಬಾಯಮ್ಮ, ನಾನು ಸೇದ್ತೇನೆ" ಎಂದ. ನೀರು ಅಡಿಯಲ್ಲಿತ್ತು. ಒಂದು ಕೊಡ ತುಂಬಲು ಆರು ಸಲ ಹಗ್ಗ ಇಳಿಸಬೇಕಾಯಿತು, ಕೊನೆಯ ಸಲದ್ದು ಸ್ವಲ್ಪ ಕೆಸರು ಬಂತು. ಏಳು ಮನೆ ಈ ಬಾವಿಯ ಮೇಲೆ ಮಳೆಗಾಲದವರೆಗೆ ಬದುಕಲಾರದು ಎಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಅವನು ಅದನ್ನು ಹೇಳಲಿಲ್ಲ. ಅರ್ಜಿಯ ಮಾತನ್ನೂ ಎತ್ತಲಿಲ್ಲ.

"ತಪ್ಪಾಯ್ತು ಮಗಾ," ಎಂದಳು ಅಪೊಲೋನಿಯಾ.

"ಮುಂದಿನ ವರ್ಷ ಹಾಕಿಸುವ," ಎಂದ ಶೀನ, ಅವಳ ಕಡೆ ನೋಡದೆ.

ಅವಳು ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು. ಮೊಣಕಾಲು ಚುಳ್ಳೆಂದಿತು. ಮನೆಗೆ ಹೋಗದೆ ಮೂರನೇ ಮನೆಯ ಮೆಟ್ಟಿಲಿಗೆ ಹೋಗಿ ಕೊಡ ಇಳಿಸಿದಳು. ಪುಷ್ಪಾವತಿ ಆಗತಾನೇ ಇಗರ್ಜಿಯಿಂದ ಬಂದು ಬೆವರು ಒರಸಿಕೊಳ್ಳುತ್ತಿದ್ದಳು. ಯಾರ ಮೇಲೂ ಸಂಶಯಪಡದ ಹೆಂಗಸು ಅವಳು. ಈಗ ಕೊಡವನ್ನು ನೋಡಿದಳು, ಬಗ್ಗಿ ಒಳಗೆ ಇಣುಕಿ ನೋಡಿದಳು, ಅಪೊಲೋನಿಯಾಳ ಮುಖವನ್ನು ನೋಡಿದಳು.

"ಎಂತ ಬಾಯಮ್ಮ," ಎಂದಳು, "ಇದಕ್ಕೂ ನಾಳೆ ಏನಾದರೂ ಬರೆದು ಹಾಕ್ತೀರಾ?"

"ಇಲ್ಲ," ಎಂದಳು ಅಪೊಲೋನಿಯಾ.

ಪುಷ್ಪಾವತಿ ಕೊಡವನ್ನು ಮುಟ್ಟಲಿಲ್ಲ. ಬಾಗಿಲು ಹಾಕಿಕೊಳ್ಳಲೂ ಇಲ್ಲ. ಅಪೊಲೋನಿಯಾ ಮೆಟ್ಟಿಲ ಮೇಲೆ ಕೊಡದ ಪಕ್ಕದಲ್ಲಿ ಕುಳಿತು ಕಾದಳು.